ಹಿಂದಿನ ಅಂಕಿ ಓದಿ, ಆಮೇಲೆ ದುಡ್ಡು ಎಣಿಸಿ

ಕಾಲೇಜು ಸೇರುವ ದಿನಗಳು ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿ: ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? ಈ ಸಲ ಪ್ರೊಸೆಸರ್ ಬಗ್ಗೆ ಕೇಳಿದವನ್ನಷ್ಟೇ ಆರಿಸಿಕೊಂಡಿದ್ದೇನೆ. ಶಿವಮೊಗ್ಗದ ನಮ್ಮ ಅಂಗಡಿಯಲ್ಲಿ ಹೊಸ ಲ್ಯಾಪ್‌ಟಾಪ್ ಮಾರುವುದಿಲ್ಲ, ರಿಪೇರಿ ಮಾತ್ರ. ಹಾಗಾಗಿ ಯಾವ ಕಂಪನಿಯನ್ನು ಹೊಗಳಿದರೂ ನನಗೆ ಕಮಿಷನ್ ಇಲ್ಲ, ತೆಗಳಿದರೆ ನಷ್ಟವೂ ಇಲ್ಲ.

ಪ್ರಶ್ನೆ: ಮಗಳು ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾಳೆ, ಕಂಪ್ಯೂಟರ್ ಸೈನ್ಸ್. ಅಂಗಡಿಯವರು ಎರಡು ಲ್ಯಾಪ್‌ಟಾಪ್ ತೋರಿಸಿದರು. ಒಂದು ರೈಜನ್ 5 7520ಯು, 16 ಜಿಬಿ ರ‍್ಯಾಮ್. ಇನ್ನೊಂದು ಇಂಟೆಲ್ ಐ5-1335ಯು, 8 ಜಿಬಿ ರ‍್ಯಾಮ್. ಇದಕ್ಕೆ ಆರು ಸಾವಿರ ಹೆಚ್ಚು. 'ಎರಡೂ ಫೈವೇ ಸರ್, ಮೊದಲನೇದಕ್ಕೆ ರ‍್ಯಾಮ್ ಡಬಲ್, ರೇಟೂ ಕಮ್ಮಿ' ಅಂತಾರೆ. ಮಗಳು ಓದಿನ ನಡುವೆ ವ್ಯಾಲೊರಂಟ್, ಮೈನ್‌ಕ್ರಾಫ್ಟ್ ಆಡ್ತಾಳೆ. ನಾನು ಅಡಿಕೆ ಬೆಳೆಗಾರ, ಇದರ ತಲೆಬುಡ ಗೊತ್ತಿಲ್ಲ.
— ಶಿರಸಿಯ ಓದುಗರು

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ನಿಜವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. 'ರೈಜನ್ 5', 'ಐ5' ಅನ್ನುವುದು ಬಸ್ಸಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿರುವ ಊರಿನ ಹೆಸರು ಮಾತ್ರ. ಯಾವ ಊರಿನ ಮೇಲೆ ಹೋಗುತ್ತದೆ, ಎಕ್ಸ್‌ಪ್ರೆಸ್ಸೋ ಶಟಲ್ಲೋ ಅನ್ನುವುದು ಅದರ ಹಿಂದಿನ ಅಂಕಿಗಳಲ್ಲಿ, ಕೊನೆಯ ಅಕ್ಷರದಲ್ಲಿ ಇದೆ.

7520ಯು ಅನ್ನೇ ಬಿಡಿಸಿ ನೋಡೋಣ. ರೈಜನ್ ತಯಾರಿಸುವ ಎಎಂಡಿ ಕಂಪನಿ 2022ರಲ್ಲಿ ಈ ನಾಲ್ಕಂಕಿ ಪದ್ಧತಿ ತಂದಿತು. ಮೊದಲ ಅಂಕಿ ವರ್ಷ. 7 ಅಂದರೆ 2023ರ ಸಾಲಿನದು. ಎರಡನೆಯದು ದರ್ಜೆ. ಗ್ರಾಹಕರು ನೋಡಲೇಬೇಕಾದದ್ದು, ಯಾರೂ ನೋಡದೇ ಇರುವುದು ಮೂರನೆಯದು: ಒಳಗಿನ ವಿನ್ಯಾಸ ಎಷ್ಟು ಹಳೆಯದು ಅನ್ನುವ ಗುಟ್ಟು ಅಲ್ಲಿದೆ. 7520ರಲ್ಲಿ ಅದು 2, ಅಂದರೆ ಝೆನ್ 2. 2019ರಲ್ಲಿ ಬಂದ ವಿನ್ಯಾಸ. ಕೋರ್‌ಗಳು, ಅಂದರೆ ಪ್ರೊಸೆಸರಿನೊಳಗೆ ದುಡಿಯುವ ಕೈಗಳು, ನಾಲ್ಕು. ಪರದೆಯ ಚಿತ್ರ ಮೂಡಿಸುವ ಅದರೊಳಗಿನ 610ಎಂ ಗ್ರಾಫಿಕ್ಸ್‌ಗೆ ಇರುವುದು ಎರಡೇ ಎರಡು ಘಟಕ. ವರ್ಡ್, ಬ್ರೌಸರ್, ಆನ್‌ಲೈನ್ ಕ್ಲಾಸಿಗೆ ಧಾರಾಳ ಸಾಕು. ವ್ಯಾಲೊರಂಟ್ ಶುರುವೇನೋ ಆಗುತ್ತದೆ, ಆದರೆ ಪರದೆಯ ಮೇಲೆ ಹೊಗೆ, ಗುಂಡು, ಹತ್ತು ಜನ ಒಟ್ಟಿಗೆ ಬಂದಾಗ ತಡವರಿಸುತ್ತದೆ. ಇನ್ನೂ ಒಂದು ಮಾತು. ಈ ಪ್ರೊಸೆಸರ್ ಒಪ್ಪುವುದು ಬೋರ್ಡಿಗೇ ಬೆಸುಗೆ ಹಾಕಿದ ಎಲ್‌ಪಿಡಿಡಿಆರ್5 ರ‍್ಯಾಮ್ ಮಾತ್ರ, 16 ಇದ್ದದ್ದು ಕೊನೆಯವರೆಗೂ 16.

ಈಗ ಇದೇ ಹೆಸರಿನಲ್ಲಿ ಒಂದೇ ಅಂಕಿ ಬದಲಿಸಿ: 7530ಯು. ಮೂರನೇ ಅಂಕಿ 3, ಅಂದರೆ ಝೆನ್ 3. ಕೋರ್ ಆರು, ಥ್ರೆಡ್ (ಒಮ್ಮೆಗೆ ಹಿಡಿಯಬಲ್ಲ ಕೆಲಸ) ಹನ್ನೆರಡು, ಗ್ರಾಫಿಕ್ಸ್ ಘಟಕ ಏಳು. ಸ್ಟಿಕ್ಕರ್ ಮಾತ್ರ ಅದೇ 'ರೈಜನ್ 5'. ಹತ್ತು ಸಂಖ್ಯೆಯ ಅಂತರ ಅಂದುಕೊಂಡು ಜನ ಕಡಿಮೆ ಬೆಲೆಯದ್ದನ್ನು ಎತ್ತಿಕೊಂಡು ಬರುತ್ತಾರೆ.

ಇನ್ನು ನಿಮ್ಮ ಎರಡನೇ ಲ್ಯಾಪ್‌ಟಾಪು. ಐ5-1335ಯುನಲ್ಲಿ 13 ಅಂದರೆ ಹದಿಮೂರನೇ ಪೀಳಿಗೆ. ಹತ್ತು ಕೋರ್ ಅಂತ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ಗಟ್ಟಿ ಕೋರ್ ಎರಡು, ಕರೆಂಟು ಉಳಿಸುವ ಸಣ್ಣ ಕೋರ್ ಎಂಟು. ಹಾಗಿದ್ದೂ ನಾಲ್ಕು ಕೋರಿನ 7520ಯುಗಿಂತ ಇದು ಎಷ್ಟೋ ಮುಂದೆ. ಸಮಸ್ಯೆ ಇರುವುದು ಆ 8 ಜಿಬಿಯಲ್ಲಿ, ಅದರಲ್ಲೂ ಅದು ಒಂದೇ ರ‍್ಯಾಮ್ ಕಡ್ಡಿಯಾಗಿದ್ದರೆ.

ಮೊನ್ನೆ ಕಾಲೇಜು ಹುಡುಗನೊಬ್ಬ 'ಗೇಮ್ ಸ್ಟಕ್ ಆಗ್ತದೆ ಅಕ್ಕಾ' ಅಂತ ಐ5-1235ಯು ತಂದ. ಡಿವೈಸ್ ಮ್ಯಾನೇಜರ್ ತೆಗೆದು ಡಿಸ್‌ಪ್ಲೇ ಅಡಾಪ್ಟರ್ ಸಾಲು ಬಿಚ್ಚಿದೆ. 'ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್' ಅಂತಿತ್ತು. ಅವನು ಕೊಂಡದ್ದು ಅದಕ್ಕಿಂತ ಚುರುಕಾದ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರುವ ಪ್ರೊಸೆಸರ್. ಡಬ್ಬದ ಮೇಲೂ ಹಾಗೇ ಬರೆದಿತ್ತು. ಹಿಂದಿನ ಮುಚ್ಚಳ ತೆಗೆದರೆ ಎರಡು ಸ್ಲಾಟಿನಲ್ಲಿ ಒಂದು ಖಾಲಿ. ಅಷ್ಟೇ ವೇಗದ 8 ಜಿಬಿಯ ಇನ್ನೊಂದು ಡಿಡಿಆರ್4 ಕಡ್ಡಿಯನ್ನು ಓರೆಯಾಗಿ ತೂರಿಸಿ, ಎರಡೂ ಕಡೆಯ ಕ್ಲಿಪ್ ಟಕ್ ಅನ್ನುವ ತನಕ ಒತ್ತಿ, ಆನ್ ಮಾಡಿದೆ. ಹೊಸ ರ‍್ಯಾಮ್ ಹಾಕಿದಾಗ ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇರುತ್ತದೆ, ಯಂತ್ರ ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳುತ್ತಿರುತ್ತದೆ. ಹುಡುಗನ ಮುಖ ಬಿಳಿಚಿಕೊಂಡಿತ್ತು. ವಿಂಡೋಸ್ ಬಂದ ಮೇಲೆ ಅದೇ ಸಾಲು ಮತ್ತೆ ತೆರೆದರೆ ಹೆಸರು 'ಐರಿಸ್ ಎಕ್ಸ್‌ಇ' ಆಗಿತ್ತು. ಯಾವ ಸಾಫ್ಟ್‌ವೇರೂ ಹಾಕಲಿಲ್ಲ.

ಕಾರಣ ಇಷ್ಟೇ: ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದು ರ‍್ಯಾಮಿನಿಂದಲೇ ಉಣ್ಣಬೇಕು. ಕಡ್ಡಿ ಒಂದೇ ಆದರೆ ದಾರಿಯ ಅಗಲ 64 ಬಿಟ್, ಎರಡಾದರೆ 128. ಎರಡು ದಾರಿ ಇದ್ದರಷ್ಟೇ ಇಂಟೆಲ್ ಆ ಗ್ರಾಫಿಕ್ಸನ್ನು ಐರಿಸ್ ಎಕ್ಸ್‌ಇ ಅಂತ ಕರೆಯುತ್ತದೆ.

ಆದ್ದರಿಂದ 1335ಯು ತಗೊಳ್ಳಿ, ಒಂದು ಷರತ್ತಿನ ಮೇಲೆ. ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿಸಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ 'ಸ್ಲಾಟ್ಸ್ ಯೂಸ್ಡ್' ಎದುರು 'ಎರಡರಲ್ಲಿ ಒಂದು' ಅಂತಿದ್ದರೆ ಒಳ್ಳೆಯದು, ಇನ್ನೊಂದು 8 ಜಿಬಿ ಹಾಕಿಸಿ. ಹಾಕುವವರು ಯಾರು, ವಾರಂಟಿಗೆ ತೊಂದರೆ ಇಲ್ಲವಾ ಅನ್ನುವುದನ್ನು ಬಿಲ್ ಮಾಡುವ ಮೊದಲೇ ಕೇಳಿ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಎದ್ದು ಕೂತಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿರುವುದರ ಬಿಸಿ ಇದು. ಹಾಗಾಗಿ ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಸ್ಲಾಟೇ ಇಲ್ಲ, ಬೆಸುಗೆ ಹಾಕಿದ 8 ಜಿಬಿಯೇ ಗತಿ ಅಂದರೆ ಅದನ್ನು ಅಲ್ಲೇ ಬಿಟ್ಟು, 16 ಜಿಬಿ ಇರುವ ರೈಜನ್ 5 7530ಯು ಇದೆಯಾ ಕೇಳಿ. ಎರಡರಲ್ಲಿ ಯಾವುದಾದರೂ ನಿಮ್ಮ ಮಗಳಿಗೆ ನಾಲ್ಕು ವರ್ಷ ಬರುತ್ತದೆ. ವ್ಯಾಲೊರಂಟ್ ಕಡಿಮೆ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 60 ಫ್ರೇಮಿಗೆ ಮೋಸವಿಲ್ಲದೆ ಓಡುತ್ತದೆ. ಓದಿನ ನಡುವೆ ಆಟವೋ ಆಟದ ನಡುವೆ ಓದೋ, ಅದು ನಿಮ್ಮ ಮನೆಯ ವಿಚಾರ.

ಪ್ರಶ್ನೆ: ಐ7-1355ಯು ಇರುವ ತೆಳು ಲ್ಯಾಪ್‌ಟಾಪೋ, ಐ5-13420ಎಚ್ ಇರುವ ಗೇಮಿಂಗ್ ಲ್ಯಾಪ್‌ಟಾಪೋ? ಜಿಟಿಎ 5, ಫುಟ್‌ಬಾಲ್ ಆಟ ಆಡ್ತೀನಿ. ಐ7 ದೊಡ್ಡದಲ್ವಾ ಅಂತ ಅಪ್ಪ ಹಟ ಹಿಡಿದಿದ್ದಾರೆ.
— ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಅಪ್ಪನಿಗೆ ಇದನ್ನು ಓದಿಸು. ಐ7-1355ಯುನಲ್ಲೂ ಎರಡು ಗಟ್ಟಿ ಕೋರ್, ಎಂಟು ಸಣ್ಣ ಕೋರ್. ಮೇಲೆ ಶಿರಸಿಯವರಿಗೆ ಹೇಳಿದ ಐ5-1335ಯುನಲ್ಲೂ ಅಷ್ಟೇ. ಗರಿಷ್ಠ ವೇಗ 4.6 ಇದ್ದದ್ದು 5 ಗಿಗಾಹರ್ಟ್ಸ್, ಗ್ರಾಫಿಕ್ಸ್ ಘಟಕ 80 ಇದ್ದದ್ದು 96 (ಇಂಟೆಲ್ ಎಣಿಸುವ ರೀತಿ ಬೇರೆ, ಎಎಂಡಿಯ ಏಳರ ಜೊತೆ ಹೋಲಿಸಬೇಡ). ಆ ಏಳರ ಬೆಲೆ ಇಷ್ಟಕ್ಕೆ.

ನೀನು ನೋಡಬೇಕಾದದ್ದು ಕೊನೆಯ ಅಕ್ಷರ. ಯು ಅಂದರೆ 15 ವ್ಯಾಟಿನ ಲೆಕ್ಕದಲ್ಲಿ ಮಾಡಿದ್ದು: ಬ್ಯಾಟರಿ ಬಾಳಿಕೆ, ಕಡಿಮೆ ಬಿಸಿ, ತೆಳು ಮೈ. ಎಚ್ ಅಂದರೆ 45 ವ್ಯಾಟಿನ ಲೆಕ್ಕ: ತಾಸುಗಟ್ಟಲೆ ಒಂದೇ ಸಮನೆ ದುಡಿಯಲು. 13420ಎಚ್‌ನಲ್ಲಿ ಒಟ್ಟು ಕೋರ್ ಎಂಟೇ, ಆದರೆ ಗಟ್ಟಿ ಕೋರ್ ನಾಲ್ಕು. ಆಟಕ್ಕೆ ಬೇಕಾದದ್ದು ಅವು.

ಆದರೆ ಇಲ್ಲೊಂದು ಹಳ್ಳ ಇದೆ, ಬೀಳಬೇಡ. 12450ಎಚ್, 13420ಎಚ್ ಎರಡರ ಒಳಗಿನ ಗ್ರಾಫಿಕ್ಸ್ 48 ಘಟಕದ ಯುಎಚ್‌ಡಿ. ಯು ಸಾಲಿನ ಐ5ಗಿಂತ ಬಡಕಲು. ಪಕ್ಕದಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ ಅನ್ನುವ ಧೈರ್ಯದಲ್ಲಿ ಹಾಗೆ ಮಾಡಿದ್ದಾರೆ. ಕಾರ್ಡ್ ಇಲ್ಲದೆ ಈ ಪ್ರೊಸೆಸರ್ ಮಾತ್ರ ಹಾಕಿದ ಅಗ್ಗದ ಲ್ಯಾಪ್‌ಟಾಪ್‌ಗಳೂ ಮಾರುಕಟ್ಟೆಯಲ್ಲಿವೆ. 'ಎಚ್ ಸೀರೀಸ್, ಗೇಮಿಂಗ್‌ಗೆ ಬೆಸ್ಟ್' ಅಂತ ಅದನ್ನು ಕೊಟ್ಟರೆ ಬೇಡ ಅನ್ನು. ಆರ್‌ಟಿಎಕ್ಸ್ 3050 ಕಾರ್ಡ್ ಇದ್ದರೆ ಸರಿ; ಆಗಲೂ ಎಷ್ಟು ವ್ಯಾಟ್ ಅಂತ ಕೇಳು. ಅದೇ ಹೆಸರಿನ ಕಾರ್ಡನ್ನು ಕಂಪನಿಗಳು 35 ವ್ಯಾಟಿನಿಂದ 80 ವ್ಯಾಟಿನವರೆಗೆ ಬೇರೆಬೇರೆ ಮಟ್ಟದಲ್ಲಿ ಓಡಿಸುತ್ತವೆ; ಆಟದಲ್ಲಿ ಅಂತರ ಕಣ್ಣಿಗೆ ಹೊಡೆಯುತ್ತದೆ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ, 6 ಜಿಬಿ ಎರಡೂ ಸಿಕ್ಕರೆ 6. ಜಿಟಿಎ 5 ಪಿಸಿಗೆ ಬಂದದ್ದು 2015ರಲ್ಲಿ, ಅದಕ್ಕೆ ಇಷ್ಟು ಸಾಕೋ ಸಾಕು. ಚಾರ್ಜರ್ ಮಾತ್ರ ಇಟ್ಟಿಗೆಯಷ್ಟಿರುತ್ತದೆ. ಹಾಸ್ಟೆಲಿನಲ್ಲಿ ರಾತ್ರಿ ಫ್ಯಾನಿನ ಸದ್ದಿಗೆ ರೂಮ್‌ಮೇಟ್ ಏಳುತ್ತಾನೆ.

ಪ್ರಶ್ನೆ: ಐ3-ಎನ್305ನಲ್ಲಿ 8 ಕೋರ್, ಐ3-1215ಯುನಲ್ಲಿ 6 ಕೋರ್. ಬೆಲೆ ಒಂದೇ. ಎಂಟಿರುವುದೇ ತಾನೇ?
— ತುಮಕೂರಿನ ಓದುಗರು

ಉತ್ತರ: ಅಲ್ಲ. ಎನ್305ನ ಎಂಟೂ ಸಣ್ಣ ಕೋರ್‌ಗಳೇ, ರ‍್ಯಾಮಿಗೆ ಒಂದೇ ದಾರಿ. 1215ಯುನಲ್ಲಿ ಎರಡು ಗಟ್ಟಿ, ನಾಲ್ಕು ಸಣ್ಣ. ರ‍್ಯಾಮಿಗೆ ಎರಡು ದಾರಿ. ಗ್ರಾಫಿಕ್ಸ್ ಘಟಕ 32ರ ಬದಲು 64. ಬೆಲೆ ಒಂದೇ ಅಂದಮೇಲೆ ಯೋಚನೆಯೇ ಬೇಡ.

ಪ್ರಶ್ನೆ: ಮೆಟ್ರೊದಲ್ಲಿ ದಿನಾ ಹೊತ್ತು ತಿರುಗಬೇಕು, ಗೇಮಿಂಗ್ ಲ್ಯಾಪ್‌ಟಾಪಿನ ಭಾರ ಬೇಡ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಶನಿವಾರ ರಾತ್ರಿ ಒಂದಿಷ್ಟು ಆಡುವಂಥದ್ದು ಇದೆಯೇ? ಬಜೆಟ್ ತುಸು ಹಿಗ್ಗಿಸಬಲ್ಲೆ. 'ಅಲ್ಟ್ರಾ' ಅಂತ ಇದ್ದರೆ ಸಾಕಾ?
— ಬೆಂಗಳೂರು, ಐಟಿ ಉದ್ಯೋಗಿ

ಉತ್ತರ: ಇದೆ, ಮತ್ತು ನನ್ನ ಮನಸ್ಸಿಗೆ ಹಿಡಿಸಿದ ಜಾತಿ ಇದು. ಎಎಂಡಿಯಲ್ಲಿ ರೈಜನ್ 7 7840ಎಚ್‌ಎಸ್ ಅಥವಾ 8840ಎಚ್‌ಎಸ್. ಎರಡರ ಒಳಗೂ 780ಎಂ ಗ್ರಾಫಿಕ್ಸ್, 12 ಘಟಕ. ಒಂದು ಮೆಟ್ಟಿಲು ಕೆಳಗೆ ರೈಜನ್ 7 7735ಎಚ್‌ಎಸ್. ಕೋರ್‌ಗಳ ವಿನ್ಯಾಸ ಒಂದು ತಲೆಮಾರು ಹಳೆಯದು, ಆದರೆ ಅದರ 680ಎಂ ಗ್ರಾಫಿಕ್ಸ್‌ಗೂ 12 ಘಟಕ. ಇಂಟೆಲ್‌ನಲ್ಲಿ ಕೋರ್ ಅಲ್ಟ್ರಾ 5 125ಎಚ್, ಅದಕ್ಕೆ ಆರ್ಕ್ ಗ್ರಾಫಿಕ್ಸ್ ಇದೆ.

'ಅಲ್ಟ್ರಾ' ಅಂತ ಇದ್ದ ಮಾತ್ರಕ್ಕೆ ಸಾಲದು. ಇಂಟೆಲ್ 2023ರಲ್ಲಿ ಆ ಹಳೆಯ 'ಐ' ಅಕ್ಷರ ಕೈಬಿಟ್ಟಾಗಿನಿಂದ ಗೊಂದಲ ದುಪ್ಪಟ್ಟಾಗಿದೆ. 'ಕೋರ್ 5 120ಯು' ಅಂತ ಹೊಸ ಹೆಸರಿನಲ್ಲಿ ಬರುವುದು ಹದಿಮೂರನೇ ಪೀಳಿಗೆಯದೇ ವಿನ್ಯಾಸ. ಅದೇ ಎರಡು ಗಟ್ಟಿ, ಎಂಟು ಸಣ್ಣ. ಅಲ್ಟ್ರಾದಲ್ಲೂ 125ಎಚ್ ಬೇರೆ, 125ಯು ಬೇರೆ. 125ಎಚ್‌ನ ಗ್ರಾಫಿಕ್ಸ್‌ನಲ್ಲಿ ಏಳು ಘಟಕ, 125ಯುನಲ್ಲಿ ನಾಲ್ಕು (ಇವು ದೊಡ್ಡ ಘಟಕ, ಮೇಲಿನ 80, 96ರ ಜೊತೆ ಹೋಲಿಸಬೇಡಿ). ಎಎಂಡಿಯ ಹೊಸ ಸಾಲಿನಲ್ಲೂ ಇದೇ ಕಥೆ. ರೈಜನ್ ಎಐ 5 340 ಅಂತ ಹೆಸರಿನಲ್ಲೇ ಭವಿಷ್ಯ ತುಂಬಿಕೊಂಡು ಬಂದಿದೆ, ಗ್ರಾಫಿಕ್ಸ್ ಘಟಕ ಮಾತ್ರ ನಾಲ್ಕು. ಹಳೆಯ 7735ಎಚ್‌ಎಸ್ ಆಟದಲ್ಲಿ ಅದನ್ನು ಹಿಂದೆ ಹಾಕುತ್ತದೆ.

ಈ ಜಾತಿಯ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದೇ ಹೆಚ್ಚು. ಅದನ್ನು ಕಂಡು ಓಡಬೇಡಿ. ಎಲ್‌ಪಿಡಿಡಿಆರ್5ಎಕ್ಸ್ ಆದರೆ ಕಡ್ಡಿ ರ‍್ಯಾಮಿಗಿಂತ ವೇಗ ಜಾಸ್ತಿ, ಒಳಗಿನ ಗ್ರಾಫಿಕ್ಸ್‌ಗೆ ಅದೇ ಮೃಷ್ಟಾನ್ನ. ಆದರೆ ಮೊದಲೇ 16 ತಗೊಳ್ಳಿ, ಕೈಯಲ್ಲಿ ಕಾಸಿದ್ದರೆ 32. ಗ್ರಾಫಿಕ್ಸ್ ತನ್ನ ಪಾಲನ್ನು ಅದರಿಂದಲೇ ಕಡಿದುಕೊಳ್ಳುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಆಟ ಶುರು ಮಾಡಿ ಹತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ನಿಧಾನವಾಗುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಪ್ರೊಸೆಸರ್ ಕೆಟ್ಟಿದೆಯೇ?
— ಕಲಬುರಗಿಯ ಓದುಗರು

ಉತ್ತರ: ಕೆಟ್ಟಿಲ್ಲ, ತನ್ನ ಜೀವ ಉಳಿಸಿಕೊಳ್ಳುತ್ತಿದೆ. ಇಂಟೆಲ್‌ನ 12, 13ನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟಿದ ಕೂಡಲೇ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಎಎಂಡಿಯ ಹಲವು 95ಕ್ಕೇ. ನಿಮ್ಮೂರಿನ ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ 40 ದಾಟಿರುತ್ತದೆ, ಆ ಗಾಳಿ ಬೀಸಿ ಫ್ಯಾನು ಏನನ್ನು ತಣಿಸೀತು?

ಹಾಸಿಗೆಯ ಮೇಲೆ, ಕೌದಿಯ ಮೇಲೆ ಇಟ್ಟು ಆಡುತ್ತಿದ್ದರೆ ಮೊದಲು ಅದು ನಿಲ್ಲಲಿ. ಗಾಳಿ ಎಳೆದುಕೊಳ್ಳುವ ಕಿಂಡಿಗಳಿರುವುದು ತಳದಲ್ಲಿ. ಎರಡು ವರ್ಷ ದಾಟಿದ್ದರೆ ಬಿಚ್ಚಿಸಿ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿಸಿ. ಬಯಲುಸೀಮೆಯಿಂದ ಬರುವ ಯಂತ್ರಗಳಲ್ಲಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ, ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿಯೇ ಎದ್ದು ಬರುತ್ತದೆ. ಕಾಸು ಖರ್ಚಿಲ್ಲದ ಉಪಾಯವೂ ಒಂದಿದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಕಂಡರೆ 100 ಇದ್ದದ್ದನ್ನು 99 ಮಾಡಿ. ಒಂದೇ ಅಂಕ ಇಳಿದಂತೆ ಕಂಡರೂ ಟರ್ಬೊ (ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತುಹೋಗಿ ಬಿಸಿ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಕೋಡ್ ಬರೆಯುವವರಿಗೆ ಇದು ಹಿಡಿಸಲಿಕ್ಕಿಲ್ಲ. ಹಗುರ ಆಟಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ನಿವೃತ್ತ ಶಿಕ್ಷಕ. ಐ5-7200ಯು ಇರುವ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗ್, ಯೂಟ್ಯೂಬ್, ಮೊಮ್ಮಗನ ಚೆಸ್ ಇಷ್ಟೇ. ವಿಂಡೋಸ್ 11 ಹಾಕಲಾಗದು ಅನ್ನುತ್ತಾರೆ. ಹೊಸದು ಕೊಳ್ಳಲೇಬೇಕೇ?
— ಮೈಸೂರಿನ ಓದುಗರು

ಉತ್ತರ: ಬೇಡ ಸರ್. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಈಚೆಗೆ ಮಾತ್ರ, ನಿಮ್ಮದು ಏಳು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ. ಒಳಗೆ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿಕೊಳ್ಳಿ. ಕನ್ನಡ ಕೀಲಿಮಣೆ ಅದರಲ್ಲೇ ಇದೆ. ಹಳೆಯ ನುಡಿ ಫಾಂಟಿನ ಕಡತಗಳಿದ್ದರೆ ಮಾತ್ರ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಬಿಜಿಎಂಐ ಆಡಲು ಯಾವ ಪ್ರೊಸೆಸರ್?
— ಹಾಸನದ ಓದುಗ

ಉತ್ತರ: ನಿನ್ನ ಫೋನಿನದು. ಬಿಜಿಎಂಐ ಪಬ್‌ಜಿಯ ಭಾರತದ ಮೊಬೈಲ್ ಆಟ, ಲ್ಯಾಪ್‌ಟಾಪಿನಲ್ಲಿ ಫೋನಿನಂತೆ ನಟಿಸುವ ಎಮ್ಯುಲೇಟರ್ ಹಾಕಿ ಆಡಲು ಕಂಪನಿ ಬಿಡುವುದಿಲ್ಲ. ಪಿಸಿಯ ಪಬ್‌ಜಿ ಬೇರೆ. 2022ರ ಜನವರಿಯಿಂದ ಪುಕ್ಕಟೆ, ಆದರೆ ಅದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ.

ಪ್ರಶ್ನೆ: ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪಿನ ಬ್ಯಾಟರಿ ಇಡೀ ದಿನ ಬರುತ್ತದಂತೆ. ನಮ್ಮದು ಆಡಿಟ್ ಆಫೀಸು. ಕೊಳ್ಳಬಹುದೇ?
— ಮಂಗಳೂರಿನ ಓದುಗರು

ಉತ್ತರ: ಬ್ಯಾಟರಿ ವಿಷಯ ನಿಜ. ಆದರೆ ಅದು ಆರ್ಮ್ ಜಾತಿಯ ಪ್ರೊಸೆಸರ್, ಇಂಟೆಲ್, ಎಎಂಡಿಯ ಭಾಷೆ ಆಡುವುದಿಲ್ಲ. ಸಾಮಾನ್ಯ ತಂತ್ರಾಂಶಗಳನ್ನು ವಿಂಡೋಸ್ ಅನುವಾದಿಸಿಕೊಂಡು ಓಡಿಸುತ್ತದೆ, ಆದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳಿಗೆ ಆ ಸೌಲಭ್ಯ ಇಲ್ಲ. ನಿಮ್ಮ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೆಯ ಪ್ರಿಂಟರ್ ಇವಕ್ಕೆ ಆರ್ಮ್ ಡ್ರೈವರ್ ಇದೆಯೇ ಅಂತ ತಯಾರಕರನ್ನು ಕೇಳಿ, ಬರಹದಲ್ಲಿ ಉತ್ತರ ಬಂದರೆ ಮಾತ್ರ ಮುಂದುವರಿಯಿರಿ. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಟೋಕನ್ ಕಾಣಿಸದಿದ್ದರೆ ಬ್ಯಾಟರಿ ಎಷ್ಟಿದ್ದರೇನು. ಮೋಸ ತಡೆಯುವ ತಂತ್ರಾಂಶ ಇರುವ ಹಲವು ಆನ್‌ಲೈನ್ ಆಟಗಳಿಗೂ ಇದೇ ತೊಡಕು.

ಪ್ರಶ್ನೆ: ಎನ್‌ಪಿಯು ಇರುವ ಎಐ ಲ್ಯಾಪ್‌ಟಾಪೇ ಬೇಕಾ?
— ದಾವಣಗೆರೆಯ ಓದುಗರು

ಉತ್ತರ: ಬೇಡ. ಎನ್‌ಪಿಯು ಅಂದರೆ ಎಐ ಲೆಕ್ಕಕ್ಕೆಂದೇ ಪ್ರೊಸೆಸರಿನಲ್ಲಿಟ್ಟ ಭಾಗ. ಆದರೆ ನೀವು ಚಾಟ್‌ಬಾಟ್ ಬಳಸುವಾಗ ಕೆಲಸ ಆಗುವುದು ಆ ಕಂಪನಿಯ ಸರ್ವರಿನಲ್ಲಿ. ಆ ದುಡ್ಡಿಗೆ ರ‍್ಯಾಮ್ ಹಾಕಿಸಿ.

ಪ್ರಶ್ನೆ: ಇಂಟೆಲ್ 13, 14ನೇ ಪೀಳಿಗೆಯ ಪ್ರೊಸೆಸರ್ ಸುಟ್ಟುಹೋಗುತ್ತವೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ.
— ಉಡುಪಿಯ ಓದುಗರು

ಉತ್ತರ: ಅದು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಕಥೆ. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುವ ದೋಷ ಇತ್ತು ಅಂತ ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳು) ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಆ ದೋಷ ಇಲ್ಲ ಅಂತಲೂ ಹೇಳಿದೆ. ನಮ್ಮ ಮೇಜಿಗೆ ಬರುವ ಸತ್ತ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸತ್ತದ್ದು ಅಪರೂಪ. ಕಾಫಿ ಚೆಲ್ಲಿದ್ದು, ಚಾರ್ಜಿಂಗ್ ಪಿನ್ ಮುರಿದದ್ದು, ಕೀಲು ಕಿತ್ತು ಪರದೆ ಒಡೆದದ್ದೇ ಹೆಚ್ಚು.

ಪ್ರಶ್ನೆ: ತಮ್ಮ ದುಬೈನಿಂದ ಬರುತ್ತಿದ್ದಾನೆ. ಲ್ಯಾಪ್‌ಟಾಪ್ ಅಲ್ಲಿಂದಲೇ ತರಿಸಲೇ?
— ಭಟ್ಕಳದ ಓದುಗರು

ಉತ್ತರ: ತರಿಸಬಹುದು. ಹದಿನೆಂಟು ತುಂಬಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪಿಗೆ ಸುಂಕ ಇಲ್ಲ. ಪ್ರೊಸೆಸರಿನ ಪೂರ್ತಿ ಹೆಸರನ್ನು ಕೊನೆಯ ಅಕ್ಷರ ಸಮೇತ ತಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿ; 'ಐ5 ತಗೊಂಡು ಬಾ' ಅಂದರೆ ಅಲ್ಲಿನ ಅಂಗಡಿಯವರೂ ನಮ್ಮವರ ಹಾಗೇ. ಕೀಲಿಮಣೆಯಲ್ಲಿ ಅರೇಬಿಕ್ ಅಕ್ಷರ ಜೊತೆಗಿರುವುದು ಅಲ್ಲಿ ಸಾಮಾನ್ಯ, ಬೇಡವಾದರೆ ಮೊದಲೇ ಹೇಳಲಿ. ಪ್ಲಗ್ಗು ಅಲ್ಲಿನ ಚೌಕ ಪಿನ್ನಿನದು, ಇಲ್ಲಿ ಬೇರೆ ಪವರ್ ಕೇಬಲ್ ಸಿಗುತ್ತದೆ. ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಅನ್ನುವುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಹಣ ಕೊಡುವ ಮೊದಲು ಆ ಕಂಪನಿಯ ಭಾರತದ ಸಹಾಯವಾಣಿಗೆ ಮಾಡೆಲ್ ನಂಬರ್ ಕೊಟ್ಟು ಕೇಳಿ, ಬಿಲ್ಲನ್ನು ಡಬ್ಬದೊಳಗೇ ಇಟ್ಟು ತರಲಿ.